ಹಿತಕಿದ ಬೇಳೆ ಮತ್ತು ಬೀಪ್ ಕೋಲು

ಹೊಸ ಮೆಟಲ್ ಡಿಟೆಕ್ಟರ್ ಹಿಡಿದು ಬೆಳಗ್ಗೆಯೆಲ್ಲ ಪಾರ್ಕ್ ಸುತ್ತಿ ನಾನು ಗಳಿಸಿದ್ದು ಸೋಡಾ ಮುಚ್ಚಳಗಳು ಮತ್ತು ವಾಕಿಂಗ್ ಅಂಕಲ್‌ಗಳ ನಗು. ಆದರೂ ಕೆಳಗಿನ ಮನೆಯಿಂದ ಹೇಮಶ್ರೀ ಕೂಗಿದಾಗ ದೊಡ್ಡ ತಜ್ಞೆಯ ಹಾಗೆಯೇ ಮೆಟ್ಟಿಲಿಳಿದೆ.

"ಧೃತಿ, ನಿನ್ನ ಬೀಪ್ ಕೋಲು ತಗೊಂಡು ಬೇಗ ಬಾರೇ!"

ಹೇಮಶ್ರೀ ನಮ್ಮ ಓನರ್ ಮಗಳು, ನನ್ನ ಗೆಳತಿ. ಹೋದ ತಿಂಗಳಷ್ಟೇ ನಿಶ್ಚಿತಾರ್ಥವಾಗಿತ್ತು. ಅವತ್ತು ಮಧ್ಯಾಹ್ನ ಭಾವೀ ಅತ್ತೆ ಹಿತಕಿದ ಬೇಳೆ ಸಾರಿನ ಊಟಕ್ಕೆ ಬರುವವರಿದ್ದರು. ರಾತ್ರಿ ನೆನೆಸಿಟ್ಟ ಅವರೆಕಾಳನ್ನು ತಾಯಿ ಮಗಳು ಕೂತು ಹಿತಕಿದ್ದರು. ಬೇಳೆ ಪಾತ್ರೆಗೆ, ಸಿಪ್ಪೆ ಹಸು ಕೆಂಪಿಗೆ. ಜಾರುವ ಬೆರಳಿನಿಂದ ನಿಶ್ಚಿತಾರ್ಥದ ಉಂಗುರವೂ ಯಾವಾಗಲೋ ಜಾರಿತ್ತು.

"ಬಂದೋರು ಮೊದ್ಲು ನೋಡೋದೇ ಬೆರಳು ಕಣೇ," ಹೇಮಶ್ರೀಯ ಕಣ್ಣಲ್ಲಿ ನೀರು.

ನಾನು ಅಡುಗೆಮನೆಯಿಂದಲೇ ಶುರು ಮಾಡಿದೆ. ಬೇಳೆಯ ಪಾತ್ರೆಯ ಹತ್ತಿರ ಹೋಗುತ್ತಲೇ ಯಂತ್ರ ಕಿರುಚಿತು.

"ಸಿಕ್ತಾ?" ಎಂದರು ಅವಳ ತಾಯಿ ಅಂಜನಮ್ಮ.

"ಇಲ್ಲ ಆಂಟಿ, ಸ್ಟೀಲ್ ಪಾತ್ರೆ ಅಲ್ವಾ, ಅದಕ್ಕೆ ಬಡ್ಕೋತಿದೆ."

"ಹಂಗಾದ್ರೆ ಕೆಂಪೀನೇ ನುಂಗವ್ಳೆ. ಬಾ ಹಿತ್ತಲಿಗೆ."

ಕೆಂಪಿ ಸಿಪ್ಪೆಯನ್ನೆಲ್ಲ ಮುಗಿಸಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದಳು. ಕೋಲಿನ ತುದಿಯ ದುಂಡು ತಟ್ಟೆಯನ್ನು ಹತ್ತಿರ ತಂದೆ. ಬೀಪ್! ಕೊರಳ ಗಂಟೆ. ಬಿಚ್ಚಿದೆವು. ಮತ್ತೆ ಬೀಪ್! ಕೊಂಬಿನ ತುದಿಯ ಹಿತ್ತಾಳೆ ಕಳಸ. ತಲೆ ಬಿಟ್ಟು ಹೊಟ್ಟೆಯ ಕೆಳಗೆ ತಟ್ಟೆ ಆಡಿಸಿದೆ. ಬೀಪ್, ಬೀಪ್, ಬೀಪ್!

"ಅಯ್ಯೋ ನನ್ ತಾಯಿ!" ಎಂದು ಪಕ್ಕದಲ್ಲೇ ನಿಂತಿದ್ದ ಅಂಜನಮ್ಮ ಕೆಂಪಿಯ ಹೊಟ್ಟೆ ತಬ್ಬಿಕೊಂಡರು. "ಇನ್ನು ಸಗಣಿ ಕಾಯ್ಕೊಂಡು ಕೂರ್ಬೇಕಾ?"

"ಆಂಟಿ, ಸ್ವಲ್ಪ ಹಿಂದೆ ಬನ್ನಿ."

ಅವರು ಹಿಂದೆ ಸರಿದರು. ಯಂತ್ರ ಸುಮ್ಮನಾಯಿತು. ಮುಂದೆ ಬಂದರು. ಬೀಪ್!

"ನಿಮ್ಮ ಕಾಲುಂಗುರ ಆಂಟಿ!"

ಅಳುತ್ತಿದ್ದ ಹೇಮಶ್ರೀಗೂ ನಗು ತಡೆಯಲಾಗಲಿಲ್ಲ. "ಥೂ, ಒಂದ್ಗಂಟೆಯಿಂದ ನಮ್ಮಮ್ಮನ್ನೇ ಹುಡುಕ್ತಿದೀಯಲ್ಲೇ."

ಕೆಂಪಿ ನಿರಪರಾಧಿ. ಹಾಗಾದರೆ ಉಂಗುರ ಎಲ್ಲಿ? ಆಗ ತಲೆಗೆ ಹೊಳೆಯಿತು. ಸುತ್ತಲಿನ ಲೋಹ ತೆಗೆಯದೆ ಲೋಹ ಹುಡುಕಿದರೆ ಯಂತ್ರ ತಾನೇ ಏನು ಮಾಡೀತು? ಗಂಟೆ ಬಿಚ್ಚಿದೆವು, ಕಾಲುಂಗುರವನ್ನು ದೂರ ಸರಿಸಿದೆವು. ಆದರೆ ಆ ಸ್ಟೀಲ್ ಪಾತ್ರೆ?

"ಆಂಟಿ, ಬೇಳೆ ಒಲೆ ಮೇಲಿಟ್ರಾ?"

"ಇನ್ನೂ ಇಲ್ಲ."

"ಬಿದಿರಿನ ಮೊರ ಕೊಡಿ!"

ನಡುಮನೆಯಲ್ಲಿ ಮೊರವಿಟ್ಟು ಬೇಳೆಯನ್ನೆಲ್ಲ ಸುರಿದು ಹರಡಿದೆವು. ತಟ್ಟೆ ನಿಧಾನವಾಗಿ ಸರಿಯಿತು. ಮೌನ. ಇನ್ನೂ ಮೌನ. ಮೂಲೆಗೆ ಬಂದಾಗ ಬೀಪ್! ಹೇಮಶ್ರೀ ಎರಡೂ ಕೈ ಹಾಕಿ ಕೆದಕಿದಳು. ಬೇಳೆಯ ನಡುವೆ ಕೆಂಪು ಹರಳು ಮಿನುಗಿತು.

ಅವಳು ಉಂಗುರವನ್ನು ಬೆರಳಿಗೆ ತುರುಕಿಕೊಳ್ಳುವುದಕ್ಕೂ ಗೇಟಿನ ಸದ್ದಾಗುವುದಕ್ಕೂ ಸರಿಹೋಯಿತು.

ಒಳಗೆ ಬಂದ ಭಾವೀ ಅತ್ತೆ ಮೊರ ನೋಡಿದರು, ನನ್ನ ಕೋಲು ನೋಡಿದರು. "ಏನಮ್ಮಾ ಇದು?"

"ಕಾಳಲ್ಲಿ ಕಲ್ಲು ಆರಿಸೋ ಮಿಷನ್ನು," ಎಂದುಬಿಟ್ಟರು ಅಂಜನಮ್ಮ. "ಹೊಸದಾಗಿ ಬಂದೈತೆ."

ಅತ್ತೆ ಹೇಮಶ್ರೀಯ ಕೈ ಹಿಡಿದು ಉಂಗುರ ನೋಡಿದರು. ಹರಳಿನ ಪಕ್ಕ ಅವರೆಸಿಪ್ಪೆಯ ಚೂರೊಂದು ಅಂಟಿತ್ತು. ಉಗುರಿನಿಂದ ಅದನ್ನು ತೆಗೆದು, ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು ಎಲ್ಲರಿಗೂ ಕೇಳಿಸುವಂತೆಯೇ ಪಿಸುಗುಟ್ಟಿದರು:

"ಹಿತಕೋ ಮುಂಚೆ ಬಿಚ್ಚಿಡ್ಬೇಕು ಕಣಮ್ಮ. ನಂದು ಎಮ್ಮೆ ನುಂಗ್ಬಿಟ್ಟಿತ್ತು."