ಸಂಪಾದಕನ ಮತ

ಊರಿನ ವಾರಪತ್ರಿಕೆಯ ಸಂಪಾದಕನಾದ ಮೇಲೆ ಆರಿನ್ ವೇಸಿ ಒಮ್ಮೆಯೂ ಮತ ಹಾಕಿರಲಿಲ್ಲ. ಪಕ್ಷಪಾತಿ ಎಂದು ಯಾರೂ ಬೆರಳು ತೋರಿಸಬಾರದೆಂದು ಹತ್ತೊಂಬತ್ತು ವರ್ಷ ದೂರವೇ ಉಳಿದಿದ್ದ. ಆದರೂ ಅಮೆರಿಕದ ಆ ಟಾಲ್‌ಮನ್ ಕೌಂಟಿಯ ರಿಪಬ್ಲಿಕನ್ನರು ಅವನನ್ನು ಡೆಮಾಕ್ರಟರ ಬಾಲಬಡುಕ ಎನ್ನುತ್ತಿದ್ದರು, ಡೆಮಾಕ್ರಟರು ರಿಪಬ್ಲಿಕನ್ನರ ಚೇಲಾ ಎನ್ನುತ್ತಿದ್ದರು. ಎರಡೂ ಬೈಗುಳ ಒಟ್ಟಿಗೆ ಬಂದ ವಾರ ಅವನಿಗೆ ನೆಮ್ಮದಿ.

ಈ ಸಲ ಕೌಂಟಿಯ ಪೊಲೀಸು, ಜೈಲು ಎರಡನ್ನೂ ನಡೆಸುವ ಶೆರಿಫ್ ಹುದ್ದೆಗೆ ಡೇಲ್ ಕಿಂಬ್ರೊ ಮತ್ತೆ ನಿಂತಿದ್ದ. ಅವನ ಜೈಲಿನಲ್ಲಿ ಕೈದಿಯೊಬ್ಬ ಹೊಡೆತ ತಿಂದು ಸತ್ತಿದ್ದ. ಆರಿನ್ ನಾಲ್ಕು ತಿಂಗಳು ಅಲೆದು, ಇಬ್ಬರು ಕಾವಲುಗಾರರ ಬಾಯಿ ಬಿಡಿಸಿ, ವರದಿ ಬರೆದ. ಚುನಾವಣೆಗೆ ಮುಂಚಿನ ಕೊನೆಯ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಪತ್ರಿಕೆಯ ಮಾಲೀಕ ಸಟರ್ ಫೋನ್ ಮಾಡಿದ.

“ಚುನಾವಣೆ ಮುಗೀಲಿ, ಆಮೇಲೆ ಹಾಕೋಣ.”

“ಆಮೇಲೆ ಹಾಕಿ ಏನು ಬಂತು? ಪತ್ರಿಕಾ ಸ್ವಾತಂತ್ರ್ಯ ಅಂತ ಭಾಷಣ ಮಾಡ್ತೀರಲ್ಲ.”

“ಸರ್ಕಾರ ಬಾಯಿ ಮುಚ್ಚಿಸಿದ್ರೆ ಕೋರ್ಟಿಗೆ ಹೋಗು. ನಾನು ಸರ್ಕಾರ ಅಲ್ಲ ಕಣಪ್ಪ. ಪತ್ರಿಕೆ ನಂದು.”

ವರದಿಯ ಜಾಗದಲ್ಲಿ ಕುಂಬಳಕಾಯಿ ಸ್ಪರ್ಧೆಯ ಫೋಟೊ ಬಂತು.

ಮಂಗಳವಾರ, ಚುನಾವಣೆಯ ದಿನ, ಅವನು ಚರ್ಚಿನ ನೆಲಮಾಳಿಗೆಯಲ್ಲಿದ್ದ ಮತಗಟ್ಟೆಗೆ ಹೋಗಿ ಸಾಲಿನಲ್ಲಿ ನಿಂತ. ಬರೆದದ್ದು ಹೊರಗೆ ಬರಲಿಲ್ಲ, ಒಂದು ಮತವಾದರೂ ಕಿಂಬ್ರೊ ವಿರುದ್ಧ ಬೀಳಲಿ. ಮೇಜಿನ ಹಿಂದೆ ನಿವೃತ್ತ ಗ್ರಂಥಪಾಲಕಿ ಲೂಎಲಾ ಪ್ರೂಯಿಟ್ ಕೂತಿದ್ದಳು.

“ಏನ್ ಸಂಪಾದಕರೇ, ದಾರಿ ತಪ್ಪಿ ಬಂದ್ರಾ?” ಎಂದು ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದಳು. “ನಿಮ್ಮ ಹೆಸರೇ ಇಲ್ವಲ್ಲ.”

“ಇದೇ ಊರಲ್ಲಿ ಹುಟ್ಟಿದೋನು ನಾನು, ಲೂಎಲಾ.”

“ಗೊತ್ತು. ವರ್ಷಗಟ್ಟಲೆ ಮತ ಹಾಕ್ದೇ ಇದ್ದೋರನ್ನೆಲ್ಲ ಈ ಬೇಸಿಗೇಲಿ ತೆಗೆದ್ರು. ಮುಂಚೇನೇ ಪೇಪರಲ್ಲಿ ಹೆಸರು ಸಮೇತ ಹಾಕಿಸಿದ್ರು.”

“ಯಾವ ಪೇಪರಲ್ಲಿ?”

ಅವಳು ಕನ್ನಡಕದ ಮೇಲಿಂದ ನೋಡಿದಳು. “ಈ ಊರಿಗೆ ಎಷ್ಟು ಪೇಪರಿದೆ?”

ಆ ಪುಟ ನೆನಪಾಯಿತು. ಸರ್ಕಾರಿ ಪ್ರಕಟಣೆಗಳು, ಸಾಸಿವೆಯಂಥ ಅಕ್ಷರ, ಆರು ಕಾಲಂ ಹೆಸರುಗಳು. ಓದದೆ ಮೂಲೆಯಲ್ಲಿ ಸಹಿ ಗೀಚಿ ಅಚ್ಚಿಗೆ ಕಳಿಸಿದ್ದ. ಆ ವಾರ ಅವನ ತಲೆಯೆಲ್ಲ ಜೈಲಿನಲ್ಲಿತ್ತು.

“ತಾತ್ಕಾಲಿಕ ಮತಪತ್ರ ಕೊಡ್ತೀನಿ,” ಲೂಎಲಾಳ ದನಿ ಇಳಿಯಿತು. “ಲಕೋಟೇಲಿ ಹಾಕಿ ಪಕ್ಕಕ್ಕಿಡ್ತಾರೆ. ಎಣಿಸೋದು ಅನುಮಾನ.”

“ಕೊಡಿ.”

ಕಿಂಬ್ರೊನ ಎದುರಾಳಿಯ ಹೆಸರಿನ ಪಕ್ಕದ ಖಾಲಿ ವೃತ್ತವನ್ನು ಅಂಚು ದಾಟದಂತೆ ಕಪ್ಪು ಮಾಡಿದ. ಲಕೋಟೆಯ ಮೇಲೆ ಸಹಿ ಹಾಕಬೇಕಿತ್ತು. ಪೆನ್ನು ಕೆಳಗಿಟ್ಟು, ಅಲ್ಲಿದ್ದ ಸಣ್ಣ ಅಕ್ಷರಗಳನ್ನೆಲ್ಲ ಒಂದೊಂದಾಗಿ ಓದತೊಡಗಿದ.

“ಇನ್ನೂ ಎಷ್ಟೊತ್ತಪ್ಪ,” ಎಂದು ಹಿಂದೆ ಸಾಲಿನಲ್ಲಿದ್ದ ಯಾರೋ ಗೊಣಗಿದರು.