ಬಿಳಿ ಗೋಡೆ ಕೇಳಿದವಳು

ಎಲ್ಲರೂ ಅವಳನ್ನು ತಗಡು ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಗೆಳತಿಯರ ಜೊತೆ ಬೈಗುಳ, ಗದ್ದಲಗಳ ಪಂಕ್ ಬ್ಯಾಂಡ್ ಕಟ್ಟಿ, ಬಾರದ ಗಿಟಾರ್ ಬಾರಿಸುತ್ತ, ಗಂಟಲು ಹರಿಯುವಂತೆ ಹಾಡುತ್ತಿದ್ದಾಗ ಬಿದ್ದ ಹೆಸರು. ಬ್ಯಾಂಡ್ ಎಂದೋ ಮುರಿದುಬಿತ್ತು. ಬೇಕಾದ್ದನ್ನು ಯಾರಿಗೂ ಕಾಯದೆ ನಾವೇ ಮಾಡಿಕೊಳ್ಳಬೇಕೆಂಬ ಆಗಿನ ಹುಚ್ಚು ಮಾತ್ರ ಬಿಡಲಿಲ್ಲ. ನಲವತ್ತು ದಾಟಿದರೂ ಅವಳು ಕ್ಯಾನ್ವಾಸ್ ಕೊಂಡವಳಲ್ಲ. ಜನ ಬಿಸಾಡಿದ ಬಾಗಿಲು, ಬೀರುವಿನ ಹಲಗೆಗಳ ಮೇಲೆ, ಗೋಡೆಗೆ ಬಳಿದು ಉಳಿದ ಬಣ್ಣದಲ್ಲೇ ಚಿತ್ರ ಬರೆಯುತ್ತಿದ್ದಳು.

ಅಂಥವಳನ್ನು ದೊಡ್ಡ ಗ್ಯಾಲರಿಯೊಂದು ಪ್ರದರ್ಶನಕ್ಕೆ ಕರೆಯಿತು. ಅವಳು ಕೇಳಿದ್ದು ಬಿಳಿ ಗೋಡೆ, ಅಷ್ಟೇ.

ಪ್ರದರ್ಶನದ ದಿನ ಮಧ್ಯಾಹ್ನ ಚಿತ್ರ ಬರೆದ ಬಾಗಿಲುಗಳನ್ನು ವ್ಯಾನಿಗೆ ಹೇರಿಕೊಂಡು ಅಕ್ಕನ ಜೊತೆ ಬಂದು ನೋಡಿದರೆ, ಗೋಡೆ ತುಂಬ ಬೈಗುಳ! ನೀಟಾಗಿ ಹರಿದ ಪೋಸ್ಟರುಗಳು, ಅಳತೆಪಟ್ಟಿ ಇಟ್ಟು ಬರೆದ ಘೋಷಣೆಗಳು, ಸೂರಿನಿಂದ ತೂಗುವ ಆಳೆತ್ತರದ ಸೇಫ್ಟಿ ಪಿನ್ನು.

"ಏನ್ರೀ ಇದು?"

"ಅಲಂಕಾರದವರನ್ನ ಕರೆಸಿ ಮಾಡಿಸಿದ್ವಿ ಮೇಡಂ," ಎಂದು ಗ್ಯಾಲರಿಯ ಮ್ಯಾನೇಜರ್ ಹಲ್ಲು ಬಿಟ್ಟ. "ನಿಮ್ಮ ಪಂಕ್ ಸ್ಟೈಲಿಗೆ ಒಪ್ಪೋ ಹಾಗೆ."

"ಈ ಗದ್ದಲದ ಮಧ್ಯೆ ನನ್ನ ಚಿತ್ರ ಯಾರ ಕಣ್ಣಿಗೆ ಬೀಳತ್ತೆ? ತಲೆಯಲ್ಲಿ ಏನಾದ್ರೂ ಇದೆಯಾ ನಿಮಗೆ?"

"ವಾಹ್! ಸಂಜೆ ಜನರ ಮುಂದೆಯೂ ಹೀಗೇ ಬೈತೀರಾ?"

ಅವಳ ಮೈ ಉರಿದುಹೋಯಿತು. ಬೈದರೆ ಎದುರಿನವನು ಹೆದರಬೇಕು, ಇಲ್ಲವೇ ತಿರುಗಿ ಬೈಯಬೇಕು. ಬಾಯಿ ಚಪ್ಪರಿಸುವವನ ಹತ್ತಿರ ಏನು ಹೇಳುವುದು? ನೆಟ್ಟಗೆ ಹೋಗಿ ಮೂಲೆಯಂಗಡಿಯಿಂದ ಬಿಳಿ ಬಣ್ಣ, ರೋಲರ್, ಒಂದಷ್ಟು ಬ್ರಷ್ ತಂದಳು. ಪೋಸ್ಟರುಗಳನ್ನು ಕಿತ್ತೆಸೆದು ಏಣಿ ಹತ್ತಿದಳು.

ಅರ್ಧ ಗೋಡೆಯೂ ಮುಗಿದಿರಲಿಲ್ಲ, ಅತಿಥಿಗಳು ಬರತೊಡಗಿದರು. ಏಣಿಯ ಸುತ್ತ ನಿಂತು ಫೋನ್ ಎತ್ತಿ ಹಿಡಿದರು. ಯಾರೋ ಚಪ್ಪಾಳೆ ತಟ್ಟಿದರು.

"ನಾಟಕ ಅಲ್ಲ ಇದು! ಗೋಡೆಗೆ ಬಣ್ಣ ಹೊಡೀತಿದೀನಿ!"

ಚಪ್ಪಾಳೆ ಜೋರಾಯಿತು. "ಆ ರೋಲರ್ ಮಾರಾಟಕ್ಕಿದೆಯಾ?" ಎಂದು ರೇಷ್ಮೆ ಶಾಲಿನ ಹೆಂಗಸೊಬ್ಬಳು ಮ್ಯಾನೇಜರನ ಕಿವಿಯಲ್ಲಿ ಕೇಳಿದಳು. ತಗಡು ಏಣಿಯ ಮೇಲೆಯೇ ಹಣೆ ಹಣೆ ಚಚ್ಚಿಕೊಂಡಳು. ಅದಕ್ಕೂ ಒಬ್ಬ ಫೋಟೋ ತೆಗೆದ.

ಅಕ್ಕ ಶಾಲೆಯಲ್ಲಿ ಗಣಿತ ಕಲಿಸುವವಳು. ಗದ್ದಲ ಅವಳಿಗೆ ಹೊಸದಲ್ಲ. ಬ್ರಷ್‌ಗಳನ್ನು ಎತ್ತಿಕೊಂಡು ಗುಂಪಿಗೆ ನುಗ್ಗಿದಳು. "ಕೈ ಸುಮ್ನೆ ಇರಲ್ಲ ಅಲ್ವಾ ನಿಮ್ದು? ತಗೊಳ್ಳಿ. ನೀವು ಈ ಮೂಲೆ. ನೀವು ಕೆಳಗಿಂದ ಮೇಲಕ್ಕೆ. ಶಾಲು ತೆಗೆದಿಡಮ್ಮ, ಹಾಳಾಗತ್ತೆ."

ಜನ ನಗುನಗುತ್ತ ಶುರುಮಾಡಿದರು. ತೋಳು ನೋಯತೊಡಗಿದಂತೆ ನಗು ನಿಂತಿತು. ಒಬ್ಬೊಬ್ಬರಿಗೂ ಮನೆಯಲ್ಲಿ ಏನೇನೋ ಕೆಲಸ ನೆನಪಾಯಿತು. ಶಾಲಿನ ಹೆಂಗಸು ಎಲ್ಲರಿಗಿಂತ ಮೊದಲು ಜಾಗ ಖಾಲಿ ಮಾಡಿದಳು. ಕೊನೆಗೆ ಉಳಿದವರು ಬೆರಳೆಣಿಕೆಯಷ್ಟು ಜನ, ಸುಸ್ತಾದವರು. ಗೋಡೆಗೆ ಬಣ್ಣವೂ ಸಮವಾಗಿ ಕೂತಿರಲಿಲ್ಲ, ಅಲ್ಲಲ್ಲಿ ಬೈಗುಳದ ಬಾಲ ಇಣುಕುತ್ತಿತ್ತು. ಆದರೂ ಬಿಳಿ. ಎಲ್ಲರೂ ಸೇರಿ ಬಾಗಿಲುಗಳನ್ನು ವ್ಯಾನಿನಿಂದ ಎತ್ತಿ ತಂದು ಗೋಡೆಗೆ ಒರಗಿಸಿದರು.

ಅಡುಗೆಮನೆಯ ಬಾಗಿಲೊಂದರ ಮೇಲೆ ತಗಡು ಬರೆದ ಅವಳ ಅಮ್ಮ ಇದ್ದಳು: ಬಾಯಿ ಅಗಲ ತೆರೆದು, ಒಂದು ಕೈ ಚೌಕಟ್ಟಿಗೆ ಊರಿ. ಅಂಗಿಗೆಲ್ಲ ಬಣ್ಣ ಮೆತ್ತಿಕೊಂಡ ಬ್ಯಾಂಕ್ ಗುಮಾಸ್ತನೊಬ್ಬ ಅದರ ಮುಂದೆ ನೆಲದಲ್ಲೇ ಕೂತುಬಿಟ್ಟ. ತಲೆಯೆತ್ತಿ ಕೇಳಿದ:

"ಬೈತಿದಾರಾ ಇವರು?"

"ಇಲ್ಲ. ಊಟಕ್ಕೆ ಕರೀತಿದಾಳೆ," ಎಂದಳು ತಗಡು. ಆ ದಿನ ಮೊದಲ ಸಲ ಅವಳ ಗಂಟಲು ತಗ್ಗಿತ್ತು.

"ನಮ್ಮಮ್ಮನೂ ಹೀಗೇ ಕೂಗೋಳು," ಎಂದು ಅವನು ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಬಿಳಿ ಬಳಿದುಕೊಂಡ. ಅವಳು ಪಕ್ಕದಲ್ಲಿ ಕೂತಳು. ಆ ದಿನ ಮೊದಲ ಸಲ ಅವಳ ಗಂಟಲು ತಗ್ಗಿತ್ತು.

ಮರುದಿನದ ಪತ್ರಿಕೆ 'ಏಣಿಯ ಮೇಲಿನ ಅದ್ಭುತ ಅಭಿನಯ' ಎಂದು ಹೊಗಳಿತು. ಚಿತ್ರಗಳ ಬಗ್ಗೆ ಒಂದಕ್ಷರ ಇರಲಿಲ್ಲ. ಹಿಂದೆಯೇ ಮ್ಯಾನೇಜರನ ಫೋನು: "ಪ್ರತಿ ಶನಿವಾರ ಮಾಡೋಣ ಮೇಡಂ, ಟಿಕೆಟ್ ಇಟ್ಟು!"

"ಶನಿವಾರ ಬರ್ತೀನಿ," ಎಂದಳು. "ಗೋಡೆಗೆ ಇನ್ನೊಂದು ಕೋಟ್ ಬೇಕು. ಬಾಗಿಲು ಹಾಕ್ಕೊಂಡು ಹೊಡೀತೀನಿ. ನೀನು ಒಳಗೆ ಕಾಲಿಟ್ಟರೆ ನಿನಗೂ ಒಂದು ಕೋಟ್."