ಕಮಲಾಪುರದ ಬಾವಿಯ ಬಿಲ್ಲೆ

ನಮ್ಮ ಮನೆಯವರಿಗೆ ಹಳೆಯ ಬೆಳ್ಳಿ ಬಿಲ್ಲೆಗಳ, ಅಂದರೆ ಪುರಾತನ ನಾಣ್ಯಗಳ, ಹುಚ್ಚು. ಕಲಬುರ್ಗಿಯ ಗಂಜಿನಲ್ಲಿ, ಆ ಕಾಳಿನ ಪೇಟೆಯಲ್ಲಿ, ತೊಗರಿ ವ್ಯಾಪಾರ ಮಾಡುವವರಿಗೆ ಇದು ಎಲ್ಲಿಂದ ಅಂಟಿತೋ ಆ ಶರಣಬಸಪ್ಪನೇ ಬಲ್ಲ. ದುಂಡೂ ಅಲ್ಲದ ಚೌಕವೂ ಅಲ್ಲದ ಆ ತುಂಡುಗಳ ಮೇಲೆ ರಾಜನ ಮುಖವಿಲ್ಲ, ಒಂದು ಅಕ್ಷರವಿಲ್ಲ. ಇರುವುದು ಐದು ಮುದ್ರೆ. ಐದನ್ನೂ ಗುರುತಿಸಿದರೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಇರುವ ಭೇದ ತಿಳಿಯುತ್ತದೆ. ಒಮ್ಮೆ ಅವನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೋಗಿ ಬೈಸಿಕೊಂಡೆ. ಅಂಥದ್ದೇನಿದೆ ಇದರಲ್ಲಿ ಎಂದು ಸಿಟ್ಟಿನಲ್ಲೇ ಒಂದೊಂದನ್ನೂ ನೋಡಿದೆ. ಅಂದಿನಿಂದ ನನಗೂ ಗುರುತು ಹತ್ತಿತು. ಅವರಿಗೆ ಹೇಳಲಿಲ್ಲ. ಹೇಳಿದರೆ ಹಿಗ್ಗಿ ಹೀರೇಕಾಯಿ ಆಗುತ್ತಾರೆ.

ಆ ವರ್ಷ ಹೈದರಾಬಾದಿನಿಂದ ಸಲಾವುದ್ದೀನ್ ಸಾಹೇಬರು ಬಂದರು. ಇಂಥ ಬಿಲ್ಲೆಗಳನ್ನು ಓದುವುದರಲ್ಲಿ ದೊಡ್ಡ ಹೆಸರು. ನಮ್ಮ ಡಬ್ಬಿಯಲ್ಲಿ ಕೂಡಿಟ್ಟಿದ್ದ ಬಿಲ್ಲೆಗಳನ್ನೆಲ್ಲ ನೋಡಿ, "ಎಲ್ಲಾ ಉತ್ತರದ ವ್ಯಾಪಾರಿಗಳ ಹತ್ರ ಕೊಂಡಿದ್ದು. ಈ ಸೀಮಿ ಮಣ್ಣಾಗ ಇವು ಸಿಗಲ್ಲ, ದೇವೀಂದ್ರಪ್ಪ ಸಾಬ್" ಎಂದುಬಿಟ್ಟರು. ಹಿತ್ತಲ ಗಿಡ ಮದ್ದಲ್ಲ, ನೋಡಿ! ಮನೆಯವರ ಮುಖ ಬಾಡಿತು, ನನಗೆ ಮೈ ಉರಿಯಿತು. ನನ್ನ ಗಂಡನನ್ನು ನಾನು ಆಡಿಕೊಳ್ಳಬಹುದು, ಬೇರೆಯವರು ಆಡಿಕೊಳ್ಳಬಾರದು.

ಸಾಹೇಬರು ಊರಲ್ಲಿದ್ದಾಗಲೇ, ಕಮಲಾಪುರದ ರೈತ ಭೀಮಶಾನಿಗೆ ಬಾವಿ ತೋಡುವಾಗ ಅಂಥ ಬಿಲ್ಲೆ ಸಿಕ್ಕಿತ್ತೆಂದು ತಿಳಿಯಿತು. ದಮಣಿ ಗಾಡಿಗೆ ಎತ್ತು ಕಟ್ಟಿಸಿಕೊಂಡು ಗಂಡ ಹೆಂಡತಿ ಇಬ್ಬರೂ ಹೊರಟೆವು. ಹೋಗಿ ನೋಡಿದರೆ ಬಿಲ್ಲೆ ಅವನ ಹೆಂಡತಿ ಭೀಮಬಾಯಿಯ ಕೊರಳಲ್ಲಿ, ತಾಳಿಯ ಪಕ್ಕದಲ್ಲಿ! ಬಾವಿಗೆ ನೀರು ಬಂದ ದಿನ ಅತ್ತೆ ಅದಕ್ಕೆ ಕೊಂಡಿ ಹಾಕಿಸಿ ಪೋಣಿಸಿದ್ದಳಂತೆ.

"ಗಂಡ ಇರೋತನಕ ಈ ಸರ ಬಿಚ್ಚಲ್ರಿ," ಎಂದಳು ಭೀಮಬಾಯಿ. "ನೋಡಾದಿದ್ರ ಅಕ್ಕಾರು ನೋಡ್ಲಿ."

ಪರಹೆಂಗಸಿನ ಕೊರಳಿಗೆ ಮನೆಯವರು ಕಣ್ಣು ಹಾಕುವಂತಿಲ್ಲ. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತರು. ನಾನು ಬಿಲ್ಲೆ ಹಿಡಿದು ಓದಿದೆ. ಸೂರ್ಯ, ಆರು ತೋಳಿನ ಚಕ್ರ, ಗುಡ್ಡ, ಗಿಡ.

ಅವರು ಕೂತಲ್ಲೇ ಹಾರಿಬಿದ್ದರು. "ಐದನೇದು ಆನಿ, ಹೌದಲ್ಲ? ನಮ್ಮ ಡಬ್ಬ್ಯಾಗಿನ ಒಂದು ಬಿಲ್ಲಿಗೂ ಇವೇ ನಾಕು ಮುದ್ರಿ, ಐದನೇದು ಆನಿ. ಜೋಡಿ ಆಯ್ತು!"

ಹೂಂ ಎಂದಿದ್ದರೆ ಕುಣಿದುಬಿಡುತ್ತಿದ್ದರು. ಆದರೆ ಕಣ್ಣಿಗೆ ಕಂಡದ್ದನ್ನು ಹೇಗೆ ಅಡಗಿಸಲಿ?

"ಸೊಂಡಿ ಇಲ್ರಿ, ಡುಬ್ಬ ಅದ. ಇದು ಎತ್ತು."

"ಸರಿಯಾಗಿ ನೋಡು!"

"ನೋಡೀನ್ರಿ. ಆನಿನೇ ಬೇಕಂದ್ರ ನೀವೇ ಕೆತ್ತಿಸ್ಕೋರಿ."

ಸಾಹೇಬರಿಗೆ ತೋರಿಸಲು ಅಚ್ಚು ತೆಗೆಯೋಣವೆಂದು ಜೋಳದ ಹಿಟ್ಟು ನಾದಿ ಒತ್ತಿದೆ; ಬಿರುಕು ಬಿಟ್ಟಿತು. ಭೀಮಬಾಯಿ ನಕ್ಕು, ಹಣೆಗೆ ಕುಂಕುಮ ಇಡುವ ಮುಂಚೆ ಹಚ್ಚಿಕೊಳ್ಳುವ ಮೇಣವನ್ನೇ ತಂದುಕೊಟ್ಟಳು. ಅದರಲ್ಲಿ ಐದೂ ಮುದ್ರೆ ಚೆನ್ನಾಗಿ ಮೂಡಿದವು. ದಾರಿಯುದ್ದಕ್ಕೂ ಮನೆಯವರು ಆನೆ ಕಳೆದುಕೊಂಡ ದುಃಖದಲ್ಲಿದ್ದರು.

ಮರುದಿನ ಅಚ್ಚು ನೋಡಲು ನಮ್ಮ ಪಡಸಾಲೆಯಲ್ಲಿ ಗಂಜಿನ ವ್ಯಾಪಾರಿಗಳು ಸೇರಿದ್ದರು. ಸಾಹೇಬರು ಮೇಣದ ಮೇಲೆ ಒಮ್ಮೆ ಕಣ್ಣಾಡಿಸಿ ನಕ್ಕರು. "ಸೂರ್ಯ, ಚಕ್ರ, ಗುಡ್ಡ, ಗಿಡ. ಇದು ನಿಮ್ಮ ಡಬ್ಬಿ ಬಿಲ್ಲೀನೇ ಅಲ್ಲೇನ್ರಿ? ಅದನ್ನೇ ಒತ್ತಿ ಕಮಲಾಪುರದ್ದು ಅಂತೀರಿ!"

ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಗಂಡ ಸುಳ್ಳುಗಾರನೇ? ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗು ಹೊದ್ದು ಹೊರಗೇ ಬಂದುಬಿಟ್ಟೆ.

"ಸಾಹೇಬ್ರ, ನಮ್ಮ ಡಬ್ಬ್ಯಾಗಿನ ಬಿಲ್ಲಿ ಮ್ಯಾಲ ಆನಿ ಅದ. ಈ ಮೇಣದಾಗ ಸೊಂಡಿ ಎಲ್ಲದ, ತೋರಸ್ರಿ."

ಸಾಹೇಬರು ಭೂತಗನ್ನಡಿ ತೆಗೆದರು. ಡಬ್ಬಿಯ ಬಿಲ್ಲೆಯನ್ನು ಮೇಣದ ಪಕ್ಕದಲ್ಲಿಟ್ಟು ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದರು. ಆಮೇಲೆ ಎದ್ದು ನಿಂತರು. ದೊಡ್ಡ ಮನುಷ್ಯರೇ ಸರಿ.

"ಎತ್ತು! ಇದು ನಿಮ್ಮ ಡಬ್ಬ್ಯಾಗಿಲ್ಲ. ಮಾಫ್ ಮಾಡ್ರಿ, ದೇವೀಂದ್ರಪ್ಪ ಸಾಬ್. ನನಗ ಆ ಬಾವಿ ತೋರಸ್ರಿ. ಈ ಬಿಲ್ಲಿ ಓದಿದವರು ಯಾರು?"

ನಮ್ಮಲ್ಲಿ ಗಂಡಸರು ಹೆಂಡತಿಯ ಹೆಸರನ್ನು ನಾಲ್ಕು ಮಂದಿಯ ಎದುರು ಹೇಳುವುದಿಲ್ಲ. ಕೂಗುವುದಿದ್ದರೂ "ಏ, ಇಲ್ಲಿ ಬಾ" ಅಷ್ಟೇ. ಮನೆಯವರು ತಲೆಯ ರುಮಾಲು ಸರಿಮಾಡಿಕೊಂಡು, ಇಡೀ ಗಂಜಿಗೆ ಕೇಳುವ ಹಾಗೆ ಹೇಳಿದರು:

"ನಮ್ಮ ಲಲಿತಾಬಾಯಿ ಓದ್ಯಾಳ್ರಿ."